ಎರವಲು ಪಾಪ

ಕಂಪನಿಯಲ್ಲಿ ಅವರಿಬ್ಬರನ್ನು ದೊಡ್ಡವನು, ಸಣ್ಣವನು ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ನಾಲ್ಕೇ ವರ್ಷದ ಅಂತರ. ಹದಿಮೂರು ವರ್ಷ ಜೋಡೆತ್ತಿನಂತೆ ಲಿಫ್ಟು ರಿಪೇರಿ ಮಾಡಿಕೊಂಡು ಬಂದವರು. ಭಾನುವಾರ ಚರ್ಚಿನಲ್ಲೂ ಒಂದೇ ಬೆಂಚು.

ಎಂಟು ಮಹಡಿಯ ಒಂದು ಹಳೇ ಆಫೀಸು ಕಟ್ಟಡದಲ್ಲಿ ತಿಂಗಳಿಗೊಮ್ಮೆ ಲಿಫ್ಟಿನ ಬ್ರೇಕು ನೋಡಬೇಕಿತ್ತು. ಅದಕ್ಕೆ ತಾರಸಿಯಿಂದ ಕಬ್ಬಿಣದ ಏಣಿ ಹತ್ತಿ ಮೋಟಾರು ಕೋಣೆಗೆ ಹೋಗಬೇಕು. ಆ ತಿಂಗಳು ಸರದಿ ದೊಡ್ಡವನದು. ಸಣ್ಣವನನ್ನು ಕೆಳಗೆ ಬಿಟ್ಟು ತಾರಸಿಗೆ ಹೋದ. ಬಿಸಿಲಿಗೆ ಏಣಿ ಕಾದಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಸಿಗರೇಟು ಸೇದಿ, ತಪಾಸಣೆಯ ಕಾರ್ಡಿನಲ್ಲಿ ಬ್ರೇಕಿನ ಎದುರು ಟಿಕ್ ಹಾಕಿ ಇಳಿದು ಬಂದ. ಕುಡಿದಿರಲಿಲ್ಲ, ಕಾಯಿಲೆಯಿರಲಿಲ್ಲ, ಮನೆಯಲ್ಲಿ ಯಾವ ತಾಪತ್ರಯವೂ ಇರಲಿಲ್ಲ. ಬೇಜಾರಾಗಿತ್ತು, ಹತ್ತಲಿಲ್ಲ, ಅಷ್ಟೇ.

ಮೂರನೆಯ ದಿನ ಆ ಕಟ್ಟಡದಲ್ಲಿ ಕಸ ಗುಡಿಸುವ ಹೆಂಗಸು ಬಕೆಟ್ ಹಿಡಿದು ಲಿಫ್ಟಿನಿಂದ ಒಂದು ಕಾಲು ಹೊರಗಿಟ್ಟಾಗ ಲಿಫ್ಟು ಕೆಳಗೆ ಜಾರಿತು. ಹಿಂದಿನ ಕಾಲು ಸಿಕ್ಕಿಕೊಂಡಿತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು.

ವಿಚಾರಣೆ ನಡೆಯುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಅಷ್ಟರಲ್ಲಿ ಇಬ್ಬರೂ ಹತ್ತಾರು ಕಟ್ಟಡ ಹತ್ತಿಳಿದಿದ್ದರು. ಟಿಕ್ಕಿಗೆ ಕೈಬರಹವಿಲ್ಲ. "ಮೇಲೆ ಹೋಗಿದ್ದು ಯಾರು?" ಎಂದು ಮ್ಯಾನೇಜರ್ ಕೇಳಿದ.

"ಇವನು," ಎಂದ ದೊಡ್ಡವನು. ಮಾತು ತಾನಾಗಿ ಬಾಯಿಂದ ಬಿದ್ದಂತಿತ್ತು.

ಸಣ್ಣವನು ಅವನ ಮುಖವನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ನೆನಪು ಮಾಡಿಕೊಳ್ಳುವ ಕಷ್ಟವಿತ್ತು. ಕೊನೆಗೆ, "ಅಣ್ಣ ಹೇಳ್ತಿದ್ದಾನೆ ಅಂದ್ಮೇಲೆ ನಾನೇ ಇರ್ಬೇಕು ಸಾರ್," ಎಂದ.

ಅವನ ಕೆಲಸ ಹೋಯಿತು. ಗೋದಾಮಿನಲ್ಲಿ ಮೂಟೆ ಹೊರಲು ಸೇರಿಕೊಂಡ. ಸಂಜೆಯಾದರೆ ಕಾಲು ಕಳೆದುಕೊಂಡವಳ ಮನೆಗೆ ಹೋಗಿ ನೀರು ತುಂಬಿಸುವುದು, ಔಷಧಿ ತಂದುಕೊಡುವುದು. ಅವಳು ಮುಖಕ್ಕೆ ಬಾಗಿಲು ಹಾಕಿದರೂ ಕೊಡ ಹೊರಗಿಟ್ಟು ಬರುತ್ತಿದ್ದ. ವರ್ಷಗಳ ಮೇಲೆ ಅವಳೇ ಅವನ ಸ್ಕೂಟರಿನ ಹಿಂದೆ ಕೂತು ಚರ್ಚಿಗೆ ಬರತೊಡಗಿದಳು. ಅಲ್ಲಿ ಎಲ್ಲರ ಬಾಯಲ್ಲೂ ಕೋಲಿನಕ್ಕ ಆದಳು.

ಹನ್ನೊಂದನೆಯ ವರ್ಷ ದೊಡ್ಡವನನ್ನು ಸಭಾಹಿರಿಯನಾಗಿ ಆರಿಸಿದರು. ಕರ್ತನ ಭೋಜನದ ರೊಟ್ಟಿ ಹಂಚುವ ಮೊದಲ ದಿನ ಮುಂದಿನ ಸಾಲಿನಲ್ಲಿ ಕೂತಿದ್ದವಳು ಅವಳೇ. ಅವಳ ಕೋಲನ್ನೇ ನೋಡುತ್ತಾ ಅವನು ತಟ್ಟೆಯನ್ನು ವಾಲಿಸಿಬಿಟ್ಟ.

"ಹುಷಾರು ಹಿರಿಯರೇ, ಬೀಳಿಸ್ಬಿಟ್ಟೀರಿ," ಎಂದಳು ಅವಳು ಮೆಲ್ಲಗೆ.

ಮನೆಗೆ ಹೋಗಿ ಬಡಿಸಿದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಎದ್ದು ನೇರ ಸಣ್ಣವನ ಮನೆಗೆ ನಡೆದ. ಒಂದೇ ಕೋಣೆಯ ಮನೆ. ಸಣ್ಣವನ ಹೆಂಡತಿ ಬಾಗಿಲ ಬಳಿ ಯಾರದೋ ಬಟ್ಟೆಗಳ ರಾಶಿಗೆ ಇಸ್ತ್ರಿ ಹಾಕುತ್ತಿದ್ದಳು. ದೊಡ್ಡವನು ಕೂರಲೂ ಇಲ್ಲ.

"ಅವತ್ತು ಬ್ರೇಕ್ ನೋಡ್ಬೇಕಾಗಿದ್ದು ನಾನು. ಏಣಿ ಹತ್ತಲೇ ಇಲ್ಲ. ನಿನ್ನ ಮೇಲೆ ಹಾಕ್ದೆ."

ಸಣ್ಣವನು ನಕ್ಕ. "ಬಿಡು ಅಣ್ಣ. ನನಗೆ ಚೆನ್ನಾಗಿ ನೆನಪಿದೆ. ಏಣಿ ಸುಡ್ತಿತ್ತು. ನಟ್ಟು ಮುಟ್ಟಿ ನೋಡ್ದೆ, ಬಿಗಿ ಮಾಡ್ಲಿಲ್ಲ."

"ನೀನು ಮೇಲಕ್ಕೆ ಬರ್ಲೇ ಇಲ್ಲ ಕಣೋ."

"ಅದಕ್ಕೆ ನಾನು ಎಷ್ಟು ಅತ್ತಿದ್ದೀನಿ ಅಂತ ಇವಳನ್ನ ಕೇಳು. ಮಾಡ್ದೇ ಇರೋ ತಪ್ಪಿಗೆ ಯಾರಾದ್ರೂ ಅಷ್ಟು ಅಳ್ತಾರಾ? ದೇವರು ಕ್ಷಮಿಸಿದ್ದಾನೆ ಅಂತ ಈಗೀಗ ನೆಮ್ಮದಿಯಾಗಿದ್ದೀನಿ. ಅದನ್ನ ಕೆದಕಬೇಡ." ಅವನ ದನಿ ಗಡುಸಾಯಿತು. ಎದ್ದು ಹಿತ್ತಲಿಗೆ ಹೋಗಿಬಿಟ್ಟ.

ಹೆಂಡತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಅವರು ನಂಬಲ್ಲ. ನಾನು ನಂಬ್ತೀನಿ," ಎಂದಳು. "ಮಗಳ ಓದು ಬಿಡಿಸಿದ ದಿನ ನಾನು ಇವರಿಗೆ ಏನೇನಂದೆ ಗೊತ್ತಾ? ಕೈಯಲ್ಲಾಗದವನು ಅಂದೆ. ತಲೆ ತಗ್ಗಿಸ್ಕೊಂಡು ಕೇಳಿಸ್ಕೊಂಡ್ರು. ನೀವು ದೇವರ ಹತ್ರ ಹೇಳ್ಕೊಂಡಿರ್ಬೇಕಲ್ಲ?"

"ದಿನಾ."

"ಕೆಲಸ ಕಳ್ಕೊಂಡಿದ್ದು ದೇವರಲ್ಲ. ಎಲ್ಲರ ಮುಂದೆ ಹೇಳಿ."

ಮುಂದಿನ ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಪ್ರಸಂಗ ಮುಗಿಸಿದ ಮೇಲೆ ದೊಡ್ಡವನು ಎದ್ದು ನಿಂತ. ಸಿಗರೇಟು, ಟಿಕ್ಕು, ವಿಚಾರಣೆಯಲ್ಲಿ ಹೇಳಿದ ಸುಳ್ಳು, ಒಂದನ್ನೂ ಮುಚ್ಚಿಡದೆ ಹೇಳಿದ. ಬೈಗುಳಕ್ಕೆ, ಬೇಕಿದ್ದರೆ ಏಟಿಗೂ, ಅವನು ಸಿದ್ಧನಾಗಿದ್ದ.

ಎದ್ದವನು ಸಣ್ಣವನು. ಕಣ್ಣು ಒರೆಸಿಕೊಳ್ಳುತ್ತಾ ಹೇಳಿದ: "ನಮ್ಮಣ್ಣ ನನ್ನ ಪಾಪ ತನ್ನ ಮೇಲೆ ಎಳ್ಕೊಳ್ತಿದ್ದಾನೆ. ಹೋದ ವಾರ ಮನೆಗೂ ಬಂದು ಹೇಳ್ದ, ನಾನು ಒಪ್ಪಲಿಲ್ಲ. ಹೀಗೆ ಪ್ರೀತಿ ಮಾಡೋರು ಯಾರಿದ್ದಾರೆ?"

ಅಷ್ಟು ಸಾಕಾಯಿತು. ಹಿಂದಿನ ಸಾಲುಗಳಲ್ಲಿ ಅಳು ಶುರುವಾಯಿತು. ಪಾಸ್ಟರ್ ಇಳಿದು ಬಂದು ದೊಡ್ಡವನನ್ನು ಅಪ್ಪಿಕೊಂಡರು. "ನಾನು ನಿಜ ಹೇಳ್ತಿದ್ದೀನಿ ಪಾಸ್ಟರ್," ಎಂದು ಅವನು ಅವರ ಕಿವಿಯಲ್ಲೇ ಹೇಳಿದ. ಅವರು ಬೆನ್ನು ಸವರಿ, "ಗೊತ್ತು, ಗೊತ್ತು," ಎಂದು ಹಾಡು ಎತ್ತಿಕೊಂಡರು. ಸಣ್ಣವನ ಹೆಂಡತಿ ಹಾಡಿನ ನಡುವೆಯೇ ಎದ್ದು ಹೊರಟುಹೋದಳು. ಆಮೇಲೆ ಅವಳು ಆ ಚರ್ಚಿನ ಮೆಟ್ಟಿಲು ಹತ್ತಲಿಲ್ಲ.

ಜನ ಕೈಕುಲುಕಿ ಹೋದರು. ಒಬ್ಬ ಮುದುಕ ಬಗ್ಗಿ ಅವನ ಕೈಗೆ ಮುತ್ತಿಟ್ಟ. ಕೋಲಿನಕ್ಕ ಮಾತ್ರ ಬೆಂಚಿನಿಂದ ಏಳಲಿಲ್ಲ. ಚರ್ಚು ಖಾಲಿಯಾದ ಮೇಲೆ ಅವನನ್ನು ಹತ್ತಿರ ಕರೆದಳು.

"ನೀವೇನಾ?"

"ನಾನೇ."

ಆ ಸಭೆಯಲ್ಲಿ ಅವನ ಮಾತನ್ನು ನಿಜವೆಂದು ತೆಗೆದುಕೊಂಡವಳು ಅವಳೊಬ್ಬಳೇ ಉಳಿದಿದ್ದಳು. ಅವನು ಮಂಡಿಯೂರಲು ಹೋದ.

"ಬೇಡ, ಎದ್ದೇಳಿ," ಎಂದಳು. "ಅವನನ್ನ ಕ್ಷಮಿಸೋಕೆ ನನಗೆ ಆರು ವರ್ಷ ಹಿಡೀತು. ದಿನಾ ಹಲ್ಲು ಕಚ್ಕೊಂಡು, ಚೂರು ಚೂರೇ. ಅದೆಲ್ಲ ತಪ್ಪು ವಿಳಾಸಕ್ಕೆ ಹೋಯ್ತು. ಈಗ ಮತ್ತೆ ಮೊದಲಿಂದ ಅಂದ್ರೆ ನನ್ನ ಕೈಲಾಗಲ್ಲ."

ಹೊರಗೆ ಸಣ್ಣವನು ಸ್ಕೂಟರ್ ಶುರು ಮಾಡಿಕೊಂಡು ಕಾಯುತ್ತಿದ್ದ. ಅವಳು ಕೋಲೂರಿ ಎದ್ದಳು. ದೊಡ್ಡವನು ಆಸರೆಗೆಂದು ಕೈ ಚಾಚಿದ. ಅವಳು ಬೆಂಚಿನ ಬೆನ್ನು ಹಿಡಿದುಕೊಂಡು ಆಚೆ ಬದಿಯಿಂದ ಹೋದಳು.