ಗುಡ್ಡದೊಳಗಿನ ಹಳಿ

ನೌಕರಿ ಇದ್ದಷ್ಟು ಕಾಲವೂ ಶಂಕ್ರಪ್ಪ ಗದಗ, ಬಾದಾಮಿ, ಬಾಗಲಕೋಟೆ ಹಾದಿಯಲ್ಲಿ ರೈಲು ಓಡಿಸಿದವರು. ನಿವೃತ್ತರಾಗಿ ಇಳಕಲ್ಲಿನ ಮನೆಗೆ ಬಂದ ಮೇಲೆ, ರೈಲೇ ಇಲ್ಲದ ಊರಿನಲ್ಲಿ ಅವರಿಗೆ ಹೊತ್ತು ಹೋಗಲಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಉದ್ದನೆಯ ಹಲಗೆ ಹಾಕಿ, ಅದರ ಮೇಲೆ ಬೆರಳಗಲದ ಹಳಿ ಜೋಡಿಸಿ, ಅಂಗೈಯಲ್ಲಿ ಹಿಡಿಯುವಂಥ ಇಂಜಿನ್ನು ಓಡಿಸತೊಡಗಿದರು. ಬಾದಾಮಿಯ ಕೆಂಪು ಗುಡ್ಡವನ್ನು ಪ್ಲಾಸ್ಟರಿನಲ್ಲಿ ಮಾಡಿ ಅದರ ಹೊಟ್ಟೆಯಲ್ಲಿ ಸುರಂಗ ಕೊರೆದರು. ಇಲ್ಲಿ ಸುರಂಗ ಯಾಕೆಂದು ಮಗ ಸಂಗಮೇಶ ಕೇಳಿದರೆ, ಸುರಂಗವಿಲ್ಲದ್ದು ಎಂಥ ರೈಲು ಎಂದು ನಕ್ಕಿದ್ದರು.

ಹೋದ ಬೇಸಿಗೆಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಮಾತು ನಿಂತಿತು, ಬಲಗಡೆಯ ಕೈಕಾಲು ಬಿದ್ದುಹೋದವು. ಹೌದು ಅನ್ನಬೇಕಾದರೆ ಒಮ್ಮೆ ಕಣ್ಣು ಮುಚ್ಚುತ್ತಿದ್ದರು, ಅಷ್ಟೆ. ಬಾಗಲಕೋಟೆಯ ಡಾಕ್ಟರು ಬಲಗೈಗೆ ದಿನವೂ ಕೆಲಸ ಕೊಡಬೇಕೆಂದು ಹೇಳಿ ರಬ್ಬರ್ ಚೆಂಡು ಕೊಟ್ಟರು. ಶಂಕ್ರಪ್ಪ ಅದನ್ನು ಮುಟ್ಟಲಿಲ್ಲ. ಸೊಸೆ ಶೀಲಾಗೆ ಒಂದು ದಿನ ಏನು ತೋಚಿತೋ, ಅವರ ಕುರ್ಚಿಯನ್ನು ಹಲಗೆಯ ಹತ್ತಿರ ಎಳೆದು, ರೈಲಿನ ವೇಗ ಹೆಚ್ಚುಕಡಿಮೆ ಮಾಡುವ ಗುಂಡಿಯ ಮೇಲೆ ಅವರ ಬಲಗೈ ಇಟ್ಟಳು. ಬೆರಳು ನಡುಗಿದವು. ಗುಂಡಿ ಕೂದಲೆಳೆಯಷ್ಟು ತಿರುಗಿತು. ಇಂಜಿನ್ನು ಮೆಲ್ಲಗೆ ಹೊರಟಿತು.

ಅಂದಿನಿಂದ ಹಳಿಯನ್ನು ಚೊಕ್ಕ ಇಡುವುದು ಶೀಲಾಳ ಪಾಲಿಗೆ ಬಂತು. ಪಕ್ಕದ ಯಾಕೂಬಸಾಬರ ಮಗ್ಗಗಳಿಂದ ಹತ್ತಿಯ ನವಿರು ಎಳೆ ಹಾರಿ ಬರುತ್ತಿತ್ತು, ರಸ್ತೆಯ ಧೂಳು ಬೇರೆ. ಇಂಜಿನ್ನಿಗೆ ಕರೆಂಟು ಹೋಗುವುದು ಹಳಿಯಿಂದ, ಗಾಲಿಯ ಮೂಲಕ. ನಡುವೆ ಜಿಡ್ಡು ಕೂತರೆ ಗಾಲಿಯ ಕೆಳಗೆ ನೀಲಿ ಕಿಡಿ ಹಾರಿ, ಇಂಜಿನ್ನು ಮುಗ್ಗರಿಸಿ ನಿಲ್ಲುತ್ತಿತ್ತು. ಹಾಗೆ ನಿಂತ ದಿನ ಶಂಕ್ರಪ್ಪ ಕೈ ಹಿಂದಕ್ಕೆಳೆದುಕೊಂಡು ಊಟವನ್ನೂ ಮುಟ್ಟುತ್ತಿರಲಿಲ್ಲ. ಅದಕ್ಕೇ ಶೀಲಾ ಮುಂಜಾನೆ ಎದ್ದು, ಸೀರೆಗೆ ಕುಚ್ಚು ಕಟ್ಟುವ ಕೆಲಸಕ್ಕೆ ಕೂರುವ ಮೊದಲು, ಸ್ಪಿರಿಟ್ಟಿನಲ್ಲಿ ಅದ್ದಿದ ಅರಿವೆಯಿಂದ ಹಳಿ ಒರೆಸುತ್ತಿದ್ದಳು.

ಆ ಮಧ್ಯಾಹ್ನ ಮನೆಯಲ್ಲಿ ಇದ್ದವರು ಅವರಿಬ್ಬರೇ. ಸಂಗಮೇಶ ಬಾಗಲಕೋಟೆಯ ಆಫೀಸಿಗೆ ಹೋಗಿದ್ದ. ಅತ್ತೆ ಬಸಲಿಂಗವ್ವ ಅಮೀನಗಡಕ್ಕೆ ತವರಿನವರ ಮದುವೆಗೆ ಹೋಗಿದ್ದರು. ಹೊರಗೆ ಗಾಳಿ ಎದ್ದಿತ್ತೆಂದು ಶೀಲಾ ಕಿಟಕಿ ಬಾಗಿಲು ಮುಚ್ಚಿದ್ದಳು. ಸುರಂಗದ ಬಾಯಿಗೆ ಬರುತ್ತಲೇ ಇಂಜಿನ್ನು ಮುಗ್ಗರಿಸತೊಡಗಿತು. ಶಂಕ್ರಪ್ಪ ಗುಂಡಿಯನ್ನು ಪೂರ್ತಿ ತಿರುಗಿಸಿದರು. ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ರೈಲೂ ನಿಂತಿತು.

ಕರೆಂಟು ಬರುವುದರೊಳಗೆ ಗುಡ್ಡದೊಳಗಿನ ಹಳಿ ಒರೆಸಿಬಿಡೋಣ ಎಂದು ಶೀಲಾ ಸ್ಪಿರಿಟ್ಟಿನ ಬಾಟಲಿ ನೋಡಿದರೆ ಅದು ಖಾಲಿ. ಅಂಗಳದ ಸ್ಕೂಟರಿನಿಂದ ಒಂದು ಬಟ್ಟಲು ಪೆಟ್ರೋಲು ಇಳಿಸಿ ತಂದಳು. ಅರಿವೆ ಅದ್ದಿಕೊಂಡು ಹಲಗೆಯ ಕೆಳಗೆ ಹೊಕ್ಕು, ಗುಡ್ಡದ ಅಡಿಗೆ ಹಲಗೆಯಲ್ಲಿ ಕೊರೆದಿದ್ದ ಕಂಡಿಯಲ್ಲಿ ತಲೆ ಮತ್ತು ಎರಡೂ ಕೈ ತೂರಿಸಿ ಹಳಿ ತಿಕ್ಕತೊಡಗಿದಳು.

ಶಂಕ್ರಪ್ಪನವರಿಗೆ ಮೊದಲು ವಾಸನೆ ಬಂತು. ಆಮೇಲೆ ಗುಂಡಿ ಕಂಡಿತು. ಅದು ಪೂರ್ತಿ ತಿರುಗಿದ್ದು ಹಾಗೆಯೇ ಇತ್ತು. ಕರೆಂಟು ಬಂದರೆ ಇಂಜಿನ್ನು ಕಿಡಿ ಹಾರಿಸುತ್ತ ನೇರ ಸುರಂಗದೊಳಕ್ಕೆ ನುಗ್ಗುತ್ತದೆ. ಅಲ್ಲಿ ಪೆಟ್ರೋಲಿನಲ್ಲಿ ತೊಯ್ದ ಹಳಿ, ಹಳಿಯ ಮೇಲೆ ಸೊಸೆಯ ಮುಖ.

ಅವರು ಬಾಯಿ ತೆರೆದರು. ಆ, ಆ ಎಂಬ ದನಿ ಬಿಟ್ಟು ಬೇರೇನೂ ಹೊರಡಲಿಲ್ಲ.

"ನೀರು ಬೇಕೇನ್ರಿ ಮಾವಾರ? ತಡೀರಿ, ಇಷ್ಟು ಮುಗಿಸಿ ಬರ್ತೇನಿ," ಎಂದಿತು ಗುಡ್ಡದೊಳಗಿಂದ ಶೀಲಾಳ ದನಿ.

ಶಂಕ್ರಪ್ಪ ಬಲಗೈಯನ್ನು ಗುಂಡಿಗೆ ತಂದರು. ಅವಸರ ಮಾಡಿದಷ್ಟೂ ಬೆರಳು ಮುಷ್ಟಿ ಕಟ್ಟಿದವು. ಎಡಗೈ ಚಾಚಿದರೆ ಗುಂಡಿ ಎಟುಕಲಿಲ್ಲ. ಪಕ್ಕದ ಓಣಿಯಲ್ಲಿ ಯಾರೋ ಕರೆಂಟು ಬಂತೇನು ಎಂದು ಕೇಳಿದ್ದು ಕೇಳಿಸಿತು. ಗೋಡೆಯ ಪ್ಲಗ್ಗಿನಿಂದ ಬಂದ ವೈರು ಕುರ್ಚಿಯ ಬಲಕ್ಕೆ, ನೆಲದಿಂದ ಗೇಣೆತ್ತರದಲ್ಲಿ ಜೋತುಬಿದ್ದಿತ್ತು. ಅದಕ್ಕೆ ಎಡಗೈ ಮುಟ್ಟಿಸಲು ಒಂದೇ ದಾರಿ ಇತ್ತು. ಅವರು ಎಡಗಾಲಿನಿಂದ ನೆಲವನ್ನು ಒದ್ದು, ಇಡೀ ಮೈಯನ್ನು ಬಲಕ್ಕೆ ಚೆಲ್ಲಿದರು.

ಕುರ್ಚಿ ಸಮೇತ ಬಿದ್ದ ಸದ್ದಿಗೆ ಶೀಲಾ ಬೆಚ್ಚಿ ತಲೆ ಹೊರಗೆಳೆದುಕೊಂಡಳು. ಮಾವ ನೆಲದ ಮೇಲೆ ಮಗ್ಗುಲಾಗಿ ಬಿದ್ದು ನರಳುತ್ತಿದ್ದರು. ಅವಳು ಅವರ ಹತ್ತಿರ ಮುಟ್ಟುವುದರೊಳಗೆ ತಲೆಯ ಮೇಲೆ ಫ್ಯಾನು ತಿರುಗತೊಡಗಿತು. ಇಂಜಿನ್ನು ಮಾತ್ರ ಸುರಂಗದ ಬಾಯಲ್ಲಿ ಅಲುಗಲಿಲ್ಲ.

ಯಾಕೂಬಸಾಬರೂ ಅವರ ಮಗಳು ಜುಲೇಖಾಳೂ ಓಡಿಬಂದು ಶಂಕ್ರಪ್ಪನವರನ್ನು ಎತ್ತಿ ದವಾಖಾನೆಗೆ ಸಾಗಿಸಿದರು. ಬಲಭುಜದ ಎಲುಬು ಮುರಿದಿತ್ತು.

ಸಂಗಮೇಶ ಸಂಜೆ ಬಾಗಲಕೋಟೆಯಿಂದ ನೇರ ದವಾಖಾನೆಗೆ ಬಂದ. ಸಿಕ್ಕವರ ಮೇಲೆಲ್ಲ ಸಿಟ್ಟು ಮಾಡಿದ. ಆಟದ ರೈಲು ನಿಂತಿತೆಂದು ಅಪ್ಪ ಚಡಪಡಿಸಿ ಬಿದ್ದಿದ್ದಾರೆ, ಕೈಗೆ ಗುಣವಾಗುವ ಬದಲು ಭುಜವೇ ಹೋಯಿತು, ನಾಳೆಯೇ ಆ ಹಲಗೆ ಕಿತ್ತುಹಾಕುತ್ತೇನೆ ಎಂದ. ಶೀಲಾಗೂ ಹಾಗೇ ಅನ್ನಿಸಿತ್ತು. ಆದರೆ ಮಾವನನ್ನು ನೆಲದಿಂದ ಎತ್ತುವಾಗ ಅವರ ಎಡ ಮುಷ್ಟಿಯಿಂದ ಕಿತ್ತ ವೈರನ್ನು ಬಿಡಿಸಲು ತಾನು ಹೆಣಗಿದ್ದು ಅವಳ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಾಗ ಬೆರಳಿನಿಂದ ಪೆಟ್ರೋಲಿನ ವಾಸನೆ ಬಂತು.

ಎದ್ದು ಹೋಗಿ ಹಾಸಿಗೆಯ ಪಕ್ಕ ಬಗ್ಗಿದಳು.

"ಮಾವಾರ, ನೀವು ಬೇಕಂತನ ಬಿದ್ರೇನ್ರಿ?"

ಶಂಕ್ರಪ್ಪ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಹಣೆಯಿಂದ ಗದ್ದದವರೆಗೆ, ಎಲ್ಲಿಯೂ ಸುಟ್ಟಿಲ್ಲವೆಂದು ಖಾತ್ರಿ ಮಾಡಿಕೊಳ್ಳುವವರಂತೆ. ಆಮೇಲೆ ಒಮ್ಮೆ ಕಣ್ಣು ಮುಚ್ಚಿದರು.

ಶೀಲಾ ಗಂಡನಿಗೆ ಎಲ್ಲವನ್ನೂ ಹೇಳಿದಳು, ಪೆಟ್ರೋಲು ತಂದದ್ದನ್ನೂ ಸೇರಿಸಿ. ಸಂಗಮೇಶ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಅವನು ಬೈಯುತ್ತಾನೆಂದು ಅವಳು ಕಾದಳು. ಅವನು, "ನೀ ಅದರೊಳಗ ತಲಿ ಹಾಕಿದ್ದಿ," ಎಂದಷ್ಟೇ ಹೇಳಿ ಅಪ್ಪನ ಕಾಲ ಬಳಿ ಹೋಗಿ ಕೂತ.

ಹಲಗೆ ಕೀಳುವ ಮಾತು ಮತ್ತೆ ಬರಲಿಲ್ಲ. ಭುಜ ಕೂಡಿಕೊಂಡು, ಮಳೆಗಾಲ ಹಿಡಿದ ಮೇಲೆ ಶಂಕ್ರಪ್ಪ ಮತ್ತೆ ಆ ಕುರ್ಚಿಯಲ್ಲಿ ಕೂತರು. ಶೀಲಾ ಈಗ ಪ್ಲಗ್ಗು ಕಿತ್ತಿಟ್ಟು, ಹಳಿಯನ್ನು ಬರೀ ಒಣ ರಬ್ಬರಿನಿಂದ ತಿಕ್ಕುತ್ತಾಳೆ. ಕಂಡಿಯ ಬಾಗಿಲು ಹಾಕಿ, ಪ್ಲಗ್ಗು ಚುಚ್ಚಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಅಷ್ಟಾದರೂ ಶಂಕ್ರಪ್ಪ ಗುಂಡಿ ಮುಟ್ಟುವುದಿಲ್ಲ. ಅವಳು ಎರಡೂ ಅಂಗೈ ಎತ್ತಿ ಅವರಿಗೆ ತೋರಿಸಬೇಕು. ಆಮೇಲೆಯೇ ಆ ನಡುಗುವ ಬೆರಳು ಹೊರಳಿ, ಇಂಜಿನ್ನು ಗುಡ್ಡದ ಕಡೆ ಹೊರಡುತ್ತದೆ.