ಟವೆಲ್ ಕೇಳುವವಳು

ಮ್ಯೂಸಿಯಂನಲ್ಲಿ ಪ್ರದರ್ಶನಗಳ ಹೊಣೆ ಹೊತ್ತ ಬೆನ್ವಾಗೆ ನನ್ನ ಬಾಲ್ಯ ಬೇಕಂತೆ. ಹನ್ನೆರಡು ಪುಟ ಮೀರಬಾರದು, ಓದುವವರಿಗೆ ನಗು ಬರಬೇಕು, ಕೊನೆಯಲ್ಲಿ ಕಣ್ಣು ಸ್ವಲ್ಪ ಒದ್ದೆಯಾದರೂ ಅಡ್ಡಿಯಿಲ್ಲ. ವಸಂತದಲ್ಲಿ ಗಾಸ್ತೋನ್ ಲೆಮೆನ್ಸ್‌ನ ಚಿತ್ರಗಳ ದೊಡ್ಡ ಪ್ರದರ್ಶನ ಬ್ರಸೆಲ್ಸಿನಲ್ಲೇ ನಡೆಯಲಿದೆ. ಅದರ ಪುಸ್ತಕಕ್ಕೆ ಮಗಳ ನೆನಪುಗಳು ಮುನ್ನುಡಿಯಾಗಬೇಕು. ನಾನು ಬರೆದುಕೊಟ್ಟೆ. ಬೆನ್ವಾ ಓದಿ, ನಾಲ್ಕನೇ ಪುಟದಿಂದ ಆರನೇ ಪುಟದವರೆಗೆ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದು ವಾಪಸು ಕಳಿಸಿದ.

ಗಾಸ್ತೋನ್ ನನ್ನ ಅಪ್ಪ. ಅಪ್ಪ ಅನ್ನಕೂಡದು ಎಂಬುದು ಅಪ್ಪನದೇ ಕಟ್ಟಳೆ. ಅಪ್ಪ, ಅಮ್ಮ, ಪಾದ್ರಿ, ಪೊಲೀಸು ಎಲ್ಲರೂ ಒಂದೇ ಕುಲ, ಮನುಷ್ಯನ ಕನಸಿಗೆ ಬೇಲಿ ಹಾಕುವವರು ಎಂದು ಅವನ ವಾದ. ಹಾಗಾಗಿ ಅವನು ಗಾಸ್ತೋನ್, ನನ್ನ ಅಮ್ಮ ಇರ್ಮಾ. ಬೀದಿಯ ಉಳಿದ ಮಕ್ಕಳು ತಾಯಿಯನ್ನು ಅಮ್ಮಾ ಎಂದು ಕೂಗುವಾಗ ನನಗೆ ಹೊಟ್ಟೆ ಉರಿಯುತ್ತಿತ್ತು.

ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಬ್ರಸೆಲ್ಸಿನ ಸ್ಕಾರ್‌ಬೇಕ್ ಬಡಾವಣೆಯ ನಮ್ಮ ಮೂರನೇ ಮಹಡಿಯ ಮನೆಗೆ ಎಂಟೊಂಬತ್ತು ಜನ ಬರುತ್ತಿದ್ದರು. ಸರ್ರಿಯಲಿಸ್ಟರು. ಎಚ್ಚರ ಸುಳ್ಳು, ಕನಸೇ ನಿಜ ಎಂದು ನಂಬಿದ ಪಂಗಡ. ಅವರ ಮುಖಂಡ ಒಕ್ತಾವ್ ಎಂಬ ಕವಿ. ವಾರವೆಲ್ಲ ಗ್ಯಾಸ್ ಕಂಪನಿಯಲ್ಲಿ ಗುಮಾಸ್ತ, ಭಾನುವಾರ ಮಾತ್ರ ಲೋಕವನ್ನು ಬುಡಮೇಲು ಮಾಡುವವ. ಒಬ್ಬೊಬ್ಬರಾಗಿ ತಮ್ಮ ಕನಸು ಹೇಳುವರು, ಒಕ್ತಾವ್ ಕಪ್ಪು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ. ಹೆಣ್ಣಿನ ಬಿಡುಗಡೆಯ ಬಗ್ಗೆ ಅವರು ಕರಪತ್ರ ಹೊರಡಿಸಿದ ದಿನ ಹದಿನಾಲ್ಕು ಕಾಫಿ ಬಟ್ಟಲು ತೊಳೆದವಳು ನನ್ನ ಅಮ್ಮ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಮ್ಮನೂ ಕಲಾವಿದೆ. ಹಳೆಯ ಅಂಗಡಿ ಪಟ್ಟಿಗಳು, ವೈದ್ಯಕೀಯ ಪುಸ್ತಕಗಳು, ಹೊಲಿಗೆಯ ಪತ್ರಿಕೆಗಳು ಎಲ್ಲವನ್ನೂ ಒಂದು ಸಣ್ಣ ಬಾಗಿದ ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದಳು. ಪಂಗಡದ ಪತ್ರಿಕೆಯಲ್ಲಿ ಅವಳ ಎರಡು ಕೆಲಸ ಬಂದವು, ಹೆಸರಿಲ್ಲದೆ. ಹೆಸರು ಹಾಕುವುದು ಶೆಟ್ಟರ ಚಟ ಎಂದ ಗಾಸ್ತೋನ್. ತನ್ನ ಕ್ಯಾನ್ವಾಸಿನ ಮೂಲೆಯಲ್ಲಿ ಮಾತ್ರ ಆ ಚಟವನ್ನು ಸಾಯುವವರೆಗೂ ಬಿಡಲಿಲ್ಲ.

ಮಕ್ಕಳ ಬಾಯಲ್ಲಿ ಕನಸು ಶುದ್ಧವಾಗಿ ಬರುತ್ತದೆಂದು ನನಗೂ ಒಂದು ಸರದಿ ಇತ್ತು. ಆರು ವರ್ಷದವಳಿಗೆ ವಾರಕ್ಕೊಂದು ಕನಸು ಎಲ್ಲಿಂದ ಬರಬೇಕು? ಶನಿವಾರ ಮಧ್ಯಾಹ್ನ ಟ್ರಾಮಿನಲ್ಲಿ ಕೂತು ಕಟ್ಟಿಕೊಳ್ಳುತ್ತಿದ್ದೆ. ಚೆನ್ನಾಗಿದ್ದರೆ ಚಪ್ಪಾಳೆ, ಒಕ್ತಾವ್‌ನ ತೊಡೆಯ ಮೇಲೆ ಜಾಗ, ಹಾಲು ಅನ್ನ ತುಂಬಿ ಬೇಯಿಸಿದ ಸಿಹಿ ಟಾರ್ಟಿನ ಮೊದಲ ತುಂಡು. ಚೆನ್ನಾಗಿಲ್ಲದಿದ್ದರೆ ಯಾರೂ ನನ್ನ ಕಡೆ ತಿರುಗುತ್ತಿರಲಿಲ್ಲ. ಒಂದು ಸಲ ನಾನು ಓಡಿಹೋಗಿ ಹಾಲು ಉಕ್ಕುತ್ತಿದೆ ಎಂದೆ. ಒಕ್ತಾವ್ ಬೆರಳೆತ್ತಿ, "ಹಾಲು ಉಕ್ಕಿದ್ದನ್ನ ಹಾಲು ಉಕ್ತು ಅನ್ನೋಕೆ ಪೊಲೀಸರಿದ್ದಾರೆ ಪುಟ್ಟಿ. ನೀನು ಕಂಡಿದ್ದು ಹೇಳು" ಎಂದ. ಬಿಳಿ ಬೆಕ್ಕೊಂದು ಪಾತ್ರೆಯಿಂದ ಹೊರಗೆ ಜಿಗಿಯುತ್ತಿದೆ ಎಂದೆ. ಮನೆ ಹಾರಿಹೋಗುವಷ್ಟು ಚಪ್ಪಾಳೆ. ಹಾಲು ಸೀದು ತಳ ಹಿಡಿಯಿತು, ಪಾತ್ರೆ ಉಜ್ಜಿದವಳು ಅಮ್ಮ.

ಇಷ್ಟನ್ನು ಬೆನ್ವಾ ಬಹಳ ಮೆಚ್ಚಿಕೊಂಡ. ಮುಂದಿನದಕ್ಕೆ ಅವನು ಗೆರೆ ಎಳೆದದ್ದು.

ಸಾವಿರದ ಒಂಬೈನೂರ ಐವತ್ತನಾಲ್ಕರ ನವೆಂಬರಿನ ಒಂದು ಭಾನುವಾರ. ಅಮ್ಮನಿಗೆ ಐದು ತಿಂಗಳು. ಬೆಳಗ್ಗೆಯಿಂದ ಸೊಂಟ ಹಿಡಿದುಕೊಂಡೇ ಕಾಫಿ ಸೋಸಿಕೊಟ್ಟವಳು ಸ್ನಾನದ ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ನನ್ನನ್ನು ಕರೆದಳು. ನಲ್ಲಿ ತೆರೆದೇ ಇತ್ತು. ಅವಳು ಬಿಳಿ ನೆಲದ ಮೇಲೆ ಮಲಗಿದ್ದಳು, ನೆಲ ಬಿಳಿಯಾಗಿರಲಿಲ್ಲ. ಟವೆಲ್ ತಾ, ಗಾಸ್ತೋನ್‌ನನ್ನು ಕರೆ ಎಂದಳು. ಟವೆಲ್ಲಿನ ಕಪಾಟು ನನ್ನ ಕೈಗೆ ಎಟುಕುವಂಥದ್ದಲ್ಲ. ಉದ್ದನೆಯ ಹಜಾರದುದ್ದಕ್ಕೂ ಓಡಿ ಅವರೆಲ್ಲ ಕೂತಿದ್ದ ಕೋಣೆಯ ಬಾಗಿಲು ತಳ್ಳಿದೆ.

ಎಲ್ಲರೂ ತಿರುಗಿದರು. ಗಾಸ್ತೋನ್ ಅಂಗೈ ಮುಂದೆ ಹಿಡಿದು, "ಓಡ್ಬೇಡ. ಏನು ಕಂಡೆ, ಅದನ್ನ ಹೇಳು" ಎಂದ.

ನಾನು ಹೇಳಿದೆ: "ಇರ್ಮಾ ಕೆಂಪು ನೆಲದ ಮೇಲೆ ಮಲಗಿದಾಳೆ. ನೆಲ ದೊಡ್ಡದಾಗ್ತಾ ಇದೆ."

ಒಕ್ತಾವ್ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದ. ಆ ಕೆಂಪಿಗೆ ಬಾಯಿ ಇದೆಯಾ ಎಂದು ಕೇಳಿದ. ಇಲ್ಲ ಎಂದೆ. ಅವಳು ಏನಾದರೂ ಹೇಳುತ್ತಿದ್ದಾಳಾ? ಟವೆಲ್ ಕೇಳುತ್ತಿದ್ದಾಳೆ ಎಂದೆ.

ಟವೆಲ್! ಅವರಿಗೆ ಆ ಟವೆಲ್ ಎಷ್ಟು ಇಷ್ಟವಾಯಿತೆಂದರೆ, ಒಬ್ಬ ಎದ್ದು ನಿಂತು ಚಪ್ಪಾಳೆ ಹೊಡೆದ. ಉಳಿದವರೂ ಹೊಡೆದರು. ಒಕ್ತಾವ್ ನನ್ನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ. ಟಾರ್ಟಿನ ಮೊದಲ ತುಂಡು ನನಗೆ ಬಂತು. ನಾನು ತಿಂದೆ. ಇದನ್ನು ಬರೆಯುವಾಗ ನನ್ನ ಕೈ ನನಗೇ ಹೇಸಿಗೆಯಾಯಿತು, ಆದರೆ ತಿಂದದ್ದು ನಿಜ. ಹೇಳಿಯಾಯಿತು, ದೊಡ್ಡವರಿಗೆ ಗೊತ್ತಾಯಿತು, ಇನ್ನು ಅವರು ಹೋಗುತ್ತಾರೆ ಎಂದುಕೊಂಡೆ. ಯಾರೂ ಏಳಲಿಲ್ಲ. ಗಾಸ್ತೋನ್ ಒಂದು ಕಾಗದ ಎಳೆದುಕೊಂಡು ಗೀಚಲು ಶುರುಮಾಡಿದ್ದ.

ಕೊನೆಗೆ ಬಂದವಳು ಕೆಳಮನೆಯ ಮದಾಂ ಪಿರೋತ್, ಹಂದಿ ಮಾಂಸದಂಗಡಿಯವನ ಹೆಂಡತಿ. ನಮ್ಮ ಮನೆಯಲ್ಲಿ ಅವಳ ಹೆಸರೆತ್ತಿದರೆ ನಗು. ಬಾಗಿಲಲ್ಲಿ ನಿಂತು, "ನಿಮ್ಮ ಸ್ನಾನದ ಮನೆ ನೀರು ನನ್ನ ಒಲೆ ಮೇಲೆ ಸೋರ್ತಾ ಇದೆ. ಕೆಂಪಗಿದೆ" ಎಂದಳು. ಅವಳ ಮಾತಿಗೂ ಇಬ್ಬರು ಚಪ್ಪಾಳೆ ತಟ್ಟಿದರು. ಅವಳು ಅವರ ಮುಖಗಳನ್ನೊಮ್ಮೆ ನೋಡಿ, ಕುರ್ಚಿ ತಳ್ಳಿಕೊಂಡು ಒಳಗೆ ಹೋದಳು. ಅಮ್ಮ ಬದುಕಿದ್ದು ಆ ಹೆಂಗಸಿನಿಂದ. ಮಗು ಬದುಕಲಿಲ್ಲ. ಅಮ್ಮ ಮತ್ತೆ ಕತ್ತರಿ ಮುಟ್ಟಲಿಲ್ಲ.

ಗಾಸ್ತೋನ್ ಮಾತ್ರ ಮೂರೇ ತಿಂಗಳಲ್ಲಿ ಚಿತ್ರ ಮುಗಿಸಿದ. "ಟವೆಲ್ ಕೇಳುವವಳು". ಉರಿಯುವ ಮನೆಯಿಂದ ಗಳ ಹಿರಿಯುವವರ ಬಗ್ಗೆ ಕೇಳಿದ್ದೀರಿ, ನಾನು ಅಂಥವನೊಬ್ಬನ ಮಗಳು. ಆ ಚಿತ್ರ ಇವತ್ತು ಪೋಸ್ಟ್‌ಕಾರ್ಡ್ ಆಗಿದೆ, ಕಾಫಿ ಮಗ್ ಆಗಿದೆ. ಅದರ ಕೆಳಗೆ ಹಿತ್ತಾಳೆಯ ಪಟ್ಟಿ: ಕಲಾವಿದನ ಆರು ವರ್ಷದ ಮಗಳ ಕನಸಿನಿಂದ.

ಬೆನ್ವಾ ಫೋನಿನಲ್ಲಿ ಬೆಣ್ಣೆಯ ಹಾಗೆ ಮಾತಾಡಿದ. ನನ್ನ ನೋವು ಅವನಿಗೆ ಅರ್ಥವಾಗುತ್ತದಂತೆ. ಆದರೆ ಅರ್ಧ ಶತಮಾನದಿಂದ ಜನ ಅದನ್ನು ಕನಸು ಎಂದೇ ಪ್ರೀತಿಸಿದ್ದಾರಂತೆ. "ಅದು ಕನಸಾಗೇ ಇರ್ಲಿ ಮೇಡಂ. ನಿಮ್ಮ ತಾಯಿಗೂ ಈ ವಯಸ್ಸಲ್ಲಿ ಯಾಕೆ ಹಿಂಸೆ?"

ಆ ಕೊನೆಯ ಮಾತು ಕೇಳಿ, ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟೆ. ಯಾಕೆಂದರೆ ಅಮ್ಮನಿಗೆ ನಾನು ಎಂದೂ ಹೇಳಿರಲಿಲ್ಲ. ಅವಳು ನೆಲದ ಮೇಲೆ ಕಾಯುತ್ತಿದ್ದಾಗ ಮಗಳು ಟಾರ್ಟ್ ತಿನ್ನುತ್ತಿದ್ದಳು ಎಂಬುದು ಅವಳಿಗೆ ಗೊತ್ತಿಲ್ಲ ಎಂದೇ ನಲವತ್ತೈದು ವರ್ಷ ನಡೆದುಕೊಂಡು ಬಂದಿದ್ದೆ. ಅವಳು ಬೇಡ ಅಂದರೆ ಹರಿದುಹಾಕುತ್ತೇನೆ ಎಂದುಕೊಂಡು ಪುಟಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಮ್ಮ ಅಡುಗೆಮನೆಯಲ್ಲಿ ಸೀಗಡಿ ಬಿಡಿಸುತ್ತಿದ್ದಳು, ಟೊಮೆಟೊ ಒಳಗೆ ತುಂಬಲಿಕ್ಕೆ. ಎಪ್ಪತ್ತೇಳು ವರ್ಷ, ಬೆರಳು ಇನ್ನೂ ಚುರುಕು. ಕನ್ನಡಕ ಇಲ್ಲ, ನೀನೇ ಓದು ಎಂದಳು. ಓದಿದೆ. ಟಾರ್ಟಿನ ಸಾಲನ್ನೂ ಬಿಡಲಿಲ್ಲ. ಅವಳು ಒಂದೊಂದೇ ಸಿಪ್ಪೆಯನ್ನು ಪತ್ರಿಕೆಯ ಮೇಲೆ ಇಡುತ್ತ ಕೂತಿದ್ದಳು.

ಮುಗಿದ ಮೇಲೆ, "ಚಪ್ಪಾಳೆ ನನಗೂ ಕೇಳಿಸ್ತು" ಎಂದಳು.

ನಾನು ಪುಟಗಳನ್ನು ಮೇಜಿನ ಮೇಲಿಟ್ಟೆ.

"ನೀನು ಹೇಳಿದೀಯ ಅಂತ ಗೊತ್ತಾಯ್ತು. ಈಗ ಬರ್ತಾರೆ ಅಂದ್ಕೊಂಡೆ. ಚಪ್ಪಾಳೆ ನಿಂತ್ಮೇಲೆ ಗೊತ್ತಾಯ್ತು, ಬರಲ್ಲ ಅಂತ."

ಹಾಗಾದರೆ ಇಷ್ಟು ವರ್ಷ ಅವನ ಅಂಗಿ ಯಾಕೆ ಇಸ್ತ್ರಿ ಮಾಡಿದೆ, ಆ ಭಂಡರಿಗೆ ಯಾಕೆ ಕಾಫಿ ಕೊಟ್ಟೆ ಎಂದು ನಾನು ಕೂಗಾಡಿದೆ. ಅವಳ ಮೇಲೆ ಬಂದ ಸಿಟ್ಟು ಅವನ ಮೇಲಿನದಕ್ಕಿಂತ ಕಡಿಮೆಯದಲ್ಲ. ಅವಳು ಕೈ ತೊಳೆದುಕೊಂಡಳು. ಎಲ್ಲಿಗೆ ಹೋಗಬೇಕಿತ್ತು, ಯಾವ ಗಂಟು ಕಟ್ಟಿಕೊಂಡು, ನಿನ್ನನ್ನು ಯಾರ ತೊಡೆಯ ಮೇಲೆ ಬಿಟ್ಟು ಎಂದಷ್ಟೇ ಕೇಳಿದಳು.

ಆಮೇಲೆ ಬೆನ್ವಾನ ನಂಬರು ಕೇಳಿದಳು. ಗಾಸ್ತೋನ್ ಸತ್ತ ಮೇಲೆ ಆ ಚಿತ್ರ ಅವಳ ಪಾಲಿಗೆ ಬಂದಿತ್ತು, ಮ್ಯೂಸಿಯಂ ಗೋಡೆಯ ಮೇಲಿರುವುದು ಎರವಲು. ಅದನ್ನು ನಾನೇ ಮರೆತಿದ್ದೆ.

"ನಾನು ಇರ್ಮಾ ಲೆಮೆನ್ಸ್," ಎಂದಳು ಫೋನಿಗೆ. "ನಿಮ್ಮ ಗೋಡೆ ಮೇಲೆ ಬಿದ್ದಿರೋವ್ಳು. ಮಗಳು ಬರೆದಿದ್ರಲ್ಲಿ ಒಂದಕ್ಷರ ತೆಗೀಬಾರ್ದು. ಹಿತ್ತಾಳೆ ಪಟ್ಟಿ ತೆಗೆದು ಹೊಸದು ಹಾಕಿ. ಬರ್ಕೊಳ್ಳಿ. ಕನಸಲ್ಲ. ಅವಳು ಟವೆಲ್ ಕೇಳಿದ್ದಳು. ಇಲ್ಲಾ ಅಂದ್ರೆ ಗಾಡಿ ಕಳಿಸ್ತೀನಿ, ಚಿತ್ರ ಇಳಿಸಿಡಿ."

ಆ ಕಡೆಯಿಂದ ಬೆನ್ವಾ ಬಹಳ ಹೊತ್ತು ಏನೋ ವಿವರಿಸಿದ. ಅವಳು ಪೂರ್ತಿ ಕೇಳಿಸಿಕೊಂಡು, ಬರೆದುಕೊಂಡಿರಾ ಎಂದು ಕೇಳಿದಳು. ಬರೆದುಕೊಂಡನಂತೆ.

ನಾನು ಪುಟಗಳನ್ನು ಜೋಡಿಸುತ್ತಿದ್ದೆ. ಅವಳು ಮತ್ತೆ ಸೀಗಡಿಯ ಮುಂದೆ ಕೂತು, ಒಂದು ತಪ್ಪಾಗಿದೆ ಎಂದಳು.

"ಏನು?"

"ಎಲ್ಲಾ ಕಡೆ ಇರ್ಮಾ ಇರ್ಮಾ ಅಂತ ಬರೆದಿದೀಯಲ್ಲ. ಅವತ್ತು ನೀನು ಹಜಾರದಲ್ಲಿ ಅಮ್ಮಾ, ಅಮ್ಮಾ ಅಂತ ಅಳ್ತಾ ಓಡಿದ್ದು ಕಣೇ. ಬಾಗಿಲವರೆಗೂ ಅಮ್ಮ ಅಂತಲೇ ಹೋದೆ. ಬಾಗಿಲು ದಾಟಿದ್ಮೇಲೆ ಇರ್ಮಾ ಅಂದೆ."

ನನಗೆ ಅದು ಕಿಂಚಿತ್ತೂ ನೆನಪಿಲ್ಲ. ಅವಳಿಗೆ ಇದೆ.

ಅವಳ ಮೇಜಿನ ಮುಂದೆಯೇ ಕೂತು ತಿದ್ದಿದೆ. ಹನ್ನೊಂದು ಪುಟದಲ್ಲೂ ಇರ್ಮಾ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ಅಮ್ಮ ಎಂದು ಬರೆದೆ. ಆ ಕೋಣೆಯೊಳಗೆ ನಿಂತು ನಾನು ಆಡಿದ ಮಾತಿನಲ್ಲಿ ಮಾತ್ರ ಆ ಹೆಸರನ್ನು ಹಾಗೇ ಬಿಟ್ಟೆ.