ಹತ್ತೊಂಬತ್ತನೆಯ ಹೆಸರು

ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಕರಿಯಪ್ಪ, ಬಿದಿರು ತಮ್ಮನ ಬೆನ್ನಿಗೆ ಒತ್ತಬಾರದೆಂದು ಹಳೆಯ ಪಂಚೆಯೊಂದನ್ನು ಮಡಿಸಿ ಹಾಸಿದ. ಅದನ್ನು ಕಂಡವಳು ಭಾನುಪ್ರಿಯ ಒಬ್ಬಳೇ. ಅವಳ ಗಂಡ ನಟರಾಜು ನಿನ್ನೆ ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

ಕೂಟಗಲ್ಲಿನ ಆ ಅಂಗಳದಲ್ಲಿ ಎಲ್ಲರೂ ಅವನ ಕೆಲಸವನ್ನೇ ಹೊಗಳುತ್ತಿದ್ದರು. ರಾಮನಗರದ ಟ್ರಸ್ಟ್ ಆಸ್ಪತ್ರೆಯೊಂದರಲ್ಲಿ ಅವನು ಕಂಪ್ಯೂಟರ್ ಆಪರೇಟರ್. ಹಳ್ಳಿಗಳಲ್ಲಿ ಹಾಸಿಗೆ ಹಿಡಿದವರ ಮನೆಗೆ ಆಸ್ಪತ್ರೆಯ ವ್ಯಾನಿನಲ್ಲಿ ಔಷಧಿ ಹೋಗುತ್ತಿತ್ತು. ಅವರ ಹೆಸರುಗಳು ದಾಖಲೆಯಿಂದ ತಾವೇ ಹೊರಬಂದು, ಬೆಳಿಗ್ಗೆ ಆರಕ್ಕೆ ಟೆಕ್ಸ್ಟ್ ಫೈಲಾಗಿ, ಆರೂವರೆಗೆ ವ್ಯಾನಿನ ಫೋನಿಗೆ ಬೀಳುವಂತೆ ಮಾಡಿದ್ದು ಅವನೇ.

"ಅವ್ನು ಹೋದ್ರೂ ಲಿಸ್ಟ್ ನಿಂತಿಲ್ಲ ನೋಡ್ಲಾ," ಎಂದ ಯಾರೋ.

*

"ತಾನಾಗೇ ಆಯ್ತದೆ ಅಂತೀರಿ. ಭಾನ್ವಾರಾನೂ ಯಾಕೆ ಓಡ್ತೀರಿ?" ಎಂದು ಭಾನುಪ್ರಿಯ ಗಂಡನನ್ನು ಕೇಳುತ್ತಿದ್ದಳು.

"ಒಸಿ ಕೆಲ್ಸ ಐತೆ."

ಮೂರು ವರ್ಷ ಇದೇ ಉತ್ತರ. ಅಲ್ಲಿ ಯಾರನ್ನೋ ಇಟ್ಟುಕೊಂಡಿದ್ದೀರಿ ಎಂದು ಅವಳು ಒಮ್ಮೆ ಅಂದೇ ಬಿಟ್ಟಿದ್ದಳು. ಅವನು ಊಟದ ತಟ್ಟೆ ಬಿಟ್ಟು ಎದ್ದಿದ್ದ.

*

ವ್ಯಾನಿನ ಡ್ರೈವರ್ ತಾಜ್ ಪಾಷಾ ಬಾಗಿಲ ಬಳಿ ತಡವರಿಸಿದ. "ಅಕ್ಕಾ, ದಿನಾ ಹತ್ತೊಂಬತ್ತೆಸ್ರು. ಇವತ್ತು ಹದಿನೆಂಟೇ ಐತೆ. ತಿಪ್ಪಸಂದ್ರದ ಚಿಕ್ಕಲಕ್ಷ್ಮಮ್ಮಂದಿಲ್ಲ. ಎಸ್ರಿಲ್ದೆ ಇನ್ಸುಲಿನ್ ಕೊಡಾಕಿಲ್ಲ ಅಂತಾರೆ ಆಸ್ಪತ್ರೇಲಿ."

ಪಕ್ಕದಲ್ಲಿದ್ದ ಆಸ್ಪತ್ರೆಯ ನರ್ಸ್ ಮುನಿರತ್ನಮ್ಮ ಭಾನುಪ್ರಿಯಳ ಕೈ ಹಿಡಿದು, ಮೆಲ್ಲಗೆ ಎಲ್ಲ ಹೇಳಿದಳು. ಆ ಊರಿನಲ್ಲಿ ಅದೇ ಹೆಸರಿನವರು ಇಬ್ಬರು. ಮೂರು ವರ್ಷದ ಹಿಂದೆ ಒಬ್ಬಾಕೆ ಸತ್ತಾಗ ನಟರಾಜು ಬದುಕಿದ್ದಾಕೆಯನ್ನು ಸತ್ತಳೆಂದು ಬರೆದುಬಿಟ್ಟ. ಒಪ್ಪಿಕೊಂಡರೆ ಕಾಂಟ್ರಾಕ್ಟ್ ಕೆಲಸ ಹೋಗುತ್ತದೆಂಬ ಭಯ. ಸತ್ತವರ ಹೆಸರನ್ನು ದಾಖಲೆ ಹೊರಗೆ ಬಿಡದು. ಆದರೆ ಫೈಲಾದ ಮೇಲೆ ಅದು ಬರೀ ಅಕ್ಷರ, ಯಾರು ಬೇಕಾದರೂ ತಿದ್ದಬಹುದು. ಆರರಿಂದ ಆರೂವರೆಯೊಳಗೆ ಕೂತು, ಪಟ್ಟಿಯ ಕೊನೆಗೆ ಆ ಒಂದು ಹೆಸರನ್ನು ದಿನವೂ ಅವನೇ ಟೈಪ್ ಮಾಡುತ್ತಿದ್ದ.

"ಇವತ್ತು ಪಾಷಾನೇ ಫೋನ್ನಾಗೆ ಸೇರಿಸ್ಕೊಳ್ಳಲಿ. ಮಣ್ಣಾಗೋ ದಿನ ಅವ್ರ ಮರ್ವಾದೆ ಉಳೀಲಿ ಕಣವ್ವ."

"ನಾಳೆ?"

ಮುನಿರತ್ನಮ್ಮ ಹಿಡಿದಿದ್ದ ಕೈ ಬಿಟ್ಟಳು.

ಆಸ್ಪತ್ರೆಯ ಮ್ಯಾನೇಜರು ದೊಡ್ಡ ಸೇವಂತಿಗೆ ಹಾರ ಹಿಡಿದು ಅಂಗಳಕ್ಕೆ ಬಂದರು. ನಟರಾಜುವಿನಂಥ ಅಚ್ಚುಕಟ್ಟಿನ ಆಳು ಇನ್ನು ಸಿಗುವುದಿಲ್ಲ ಎಂದರು. ಭಾನುಪ್ರಿಯ ಎದ್ದು ನಿಂತಳು.

"ಸಾರ್, ತಿಪ್ಪಸಂದ್ರದ ಚಿಕ್ಕಲಕ್ಷ್ಮಮ್ಮ ಬದ್ಕವ್ರೆ. ಸತ್ರು ಅಂತ ತಪ್ಪಾಗಿ ಬರ್ದಿರೋರು ನಮ್ಮನೆಯೋರೇ."

ಹೂವಿನ ಬುಟ್ಟಿ ಹಿಡಿದಿದ್ದ ಕರಿಯಪ್ಪ ಅವಳ ಕಡೆ ನೋಡದೆ ತಲೆ ತಗ್ಗಿಸಿದ. ಮ್ಯಾನೇಜರು ಹಾರವನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟು, ಫೋನ್ ಹಿಡಿದು ಬೀದಿಗೆ ನಡೆದರು.

ಚಟ್ಟ ಎತ್ತಿದರು. ಹಾರ ಕುರ್ಚಿಯ ಮೇಲೇ ಇತ್ತು.